ಬಸ್ ಸೀಟಿನ ಮೇಲೆ ದೇಶದ ಸಾಲ

ಮನುಷ್ಯರನ್ನು ಅಳೆಯಲು ನಾನು ಮುಖ ನೋಡುವುದಿಲ್ಲ. ಮೂವತ್ತಾರು ವರ್ಷ ಟೈರ್ ಮಾರಿದವನು ನೆಲಕ್ಕೆ ತಾಗುವ ಭಾಗವನ್ನೇ ಮೊದಲು ನೋಡುತ್ತಾನೆ. ಡೊಲೋರೆಸ್ ವಾಸ್ಕೊ ಅವರ ಬೂಟಿನ ಹಿಮ್ಮಡಿ ಅಂಗಡಿಯಿಂದ ತಂದ ಹಾಗೇ ಇರುತ್ತದೆ, ತುದಿ ಮಾತ್ರ ಸವೆದು ನುಣ್ಣಗಾಗಿರುತ್ತದೆ. ಕೂತಲ್ಲೇ ಏಳಲು ಹೊರಟವರ ಸವೆತ ಅದು. ಎಪ್ಪತ್ತನಾಲ್ಕು ವರ್ಷ, ಎರಡೂ ಮೊಣಕಾಲಿಗೆ ಹೊಸ ಕೀಲು, ಬ್ರೇಕ್ ಇಲ್ಲ. ಗಾಡಿಯಾಗಿದ್ದರೆ ಬೆಲೆ ಕಟ್ಟದೆ ಪಕ್ಕದ ಅಂಗಡಿಗೆ ಸಾಗಹಾಕುತ್ತಿದ್ದೆ.

ಪೆನ್ಸಿಲ್ವೇನಿಯಾದ ನಮ್ಮ ಊರಿನಲ್ಲಿ ಕಲ್ಲಿದ್ದಲು ಮುಗಿದು ಬಹಳ ಕಾಲವಾಯಿತು. ಈಗ ಇರುವುದು ಸೇನೆಯ ಡಿಪೋ ಒಂದೇ. ಕೆಟ್ಟ ಟ್ರಕ್ಕುಗಳು ಬರುತ್ತವೆ, ಬಣ್ಣ ಬಳಿಸಿಕೊಂಡು ಹೋಗುತ್ತವೆ. ಊರಿನ ಅರ್ಧ ಮಂದಿಗೆ ಅಲ್ಲಿಂದ ಸಂಬಳ. ನನ್ನ ಟೈರುಗಳಲ್ಲಿ ಮೂರನೇ ಒಂದು ಪಾಲು ಅಲ್ಲಿಗೇ ಹೋಗುವುದು. ಮಿಸೆಸ್ ವಾಸ್ಕೊ ಇಲ್ಲಿ ಮೂವತ್ತೊಂಬತ್ತು ವರ್ಷ ಶಾಲಾ ಬಸ್ ಓಡಿಸಿದರು. ನಾನು ಆ ಬಸ್ಸಿನಲ್ಲಿ ಹೋದವನು, ರೋಮನ್ ಪೊಲಾಚೆಕ್ ಕೂಡ. ಈಗ ನಾನು ಊರಿನ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ, ಅವನು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ. ಇಬ್ಬರಿಗೂ ಅರವತ್ತು ದಾಟಿದೆ. ಆಕೆಯನ್ನು ಹೆಸರು ಹಿಡಿದು ಕರೆಯುವ ಧೈರ್ಯ ಇಬ್ಬರಿಗೂ ಇನ್ನೂ ಬಂದಿಲ್ಲ.

ಜಗಳವಾಡಿದ ಇಬ್ಬರನ್ನು ಬಸ್ಸಿನಲ್ಲಿ ದೂರ ದೂರ ಕೂರಿಸುವುದು ಉಳಿದ ಚಾಲಕರ ಪದ್ಧತಿ. ಆಕೆ ಒಂದೇ ಸೀಟಿನಲ್ಲಿ ಕೂರಿಸುತ್ತಿದ್ದರು. ನಿವೃತ್ತಿಯ ನಂತರ ಗುಜರಿಯಿಂದ ಆರು ಬಸ್ ಸೀಟು ತಂದು ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹಾಕಿದರು. ತಿಂಗಳಿಗೊಂದು ಶನಿವಾರ ಒಂದೊಂದು ಸೀಟಿನಲ್ಲಿ ಎರಡು ಪಕ್ಷದ ಇಬ್ಬರು ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ದೇಶದ ಸಾಲ ಇನ್ನು ಏರದಂತೆ ಸರ್ಕಾರದ ಖರ್ಚನ್ನು ಸರಿದೂಗಿಸಬೇಕು. ಇಬ್ಬರಿಗೂ ಸೇರಿ ಒಂದೇ ಹಾಳೆ. ನಿಯಮವೂ ಒಂದೇ: ಮೊದಲ ಕಡಿತದ ಗೀಟು ತನ್ನ ಕಿಸೆಗೆ ಬರುವ ಹಣದ ಮೇಲೆ ಎಳೆಯಬೇಕು, ಬೇರೆಯವರ ತಟ್ಟೆಗೆ ಕೈ ಹಾಕುವುದು ಆಮೇಲೆ.

"ಎದುರುಬದುರು ಯಾಕೆ ಕೂರಿಸಲ್ಲ, ಮಿಸೆಸ್ ವಾಸ್ಕೊ?" ಎಂದು ಒಮ್ಮೆ ಕೇಳಿದ್ದೆ.

"ಎದುರು ಕೂತ್ರೆ ಒಬ್ರ ಮೂತಿ ಒಬ್ರು ನೋಡ್ತೀರಿ. ಪಕ್ಕ ಕೂತ್ರೆ ರಸ್ತೆ ಕಾಣತ್ತೆ."

ನಾನು ನಕ್ಕಿದ್ದೆ. ವಾಷಿಂಗ್ಟನ್ನಿನ ಲಕ್ಷಾಂತರ ಕೋಟಿಯ ಸಾಲ ನಮ್ಮೂರ ಆರು ಸೀಟಿಗೆ ಹೆದರುತ್ತದೆಯೇ? ಆದರೆ ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ಸಂಗತಿ ಬೇರೆಯಾಯಿತು. ಅಕ್ಟೋಬರ್ ಒಂದರೊಳಗೆ ಎರಡು ಪಕ್ಷಗಳೂ ಖರ್ಚಿನ ಬಗ್ಗೆ ಒಪ್ಪದಿದ್ದರೆ ಹಣವಿಲ್ಲದೆ ಸರ್ಕಾರಿ ಕಚೇರಿಗಳಿಗೆ ಬೀಗ, ಡಿಪೋಗೂ ಬೀಗ, ತೆರೆಯುವವರೆಗೆ ಸಂಬಳವಿಲ್ಲ. ಎರಡೂ ಕಡೆಯ ಒಂದಷ್ಟು ಸಂಸದರು ಸೇರಿ ಖರ್ಚಿಗೆ ಮಿತಿ, ತೆರಿಗೆಯಲ್ಲಿ ಸ್ವಲ್ಪ ಏರಿಕೆ ಎಂದು ಒಂದು ಒಪ್ಪಂದ ಬರೆದಿದ್ದರು. ನಮ್ಮ ಪಕ್ಷದವರೇ ಆದ ನಮ್ಮ ಸಂಸದರು ಅದಕ್ಕೆ ಸಹಿ ಹಾಕಲು ಹೆದರಿ ಕೂತಿದ್ದರು. ಮಿಸೆಸ್ ವಾಸ್ಕೊ ಹನ್ನೊಂದು ಸಲ ಫೋನ್ ಮಾಡಿ ಅವರ ಬಾಯಿಂದ ಒಂದು ಮಾತು ಹೊರಡಿಸಿದರು: ಊರಿನ ಎರಡೂ ಪಕ್ಷದ ಅಧ್ಯಕ್ಷರು ಸಹಿ ಮಾಡಿದ ಒಂದು ಹಾಳೆ ಕೊಡಿ, ನಾನೂ ಹಾಕುತ್ತೇನೆ.

ಆಕೆಯ ಮಗಳು ಮಾರ್ಸಿ ಡಿಪೋದ ಬಣ್ಣದ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಹಿಂದಿನ ಸಲ ಬೀಗ ಬಿದ್ದಾಗ ಬಾಡಿಗೆ ಕಟ್ಟಲಾಗದೆ ತಾಯಿಯ ಮನೆ ಸೇರಿದ್ದಳು. ಈಗ ಬ್ಯಾಂಕಿನ ಸಾಲದಲ್ಲಿ ಸ್ವಂತ ಮನೆ ಕೊಂಡು ಐದು ತಿಂಗಳು. ಮತ್ತೆ ಸಂಬಳ ನಿಂತರೆ ಮನೆ ಹೋಗುತ್ತದೆ.

ಶನಿವಾರ ಸಭಾಂಗಣದಲ್ಲಿ ಪ್ಯಾನ್‌ಕೇಕ್ ತಿಂಡಿ. ಸಂಸದರು ಬಂದಿದ್ದರು, ಹನ್ನೆರಡಕ್ಕೆ ಹೊರಡುವವರು. ಒಂಬತ್ತಕ್ಕೇ ನನ್ನನ್ನೂ ರೋಮನ್‌ನನ್ನೂ ಸೀಟಿನಲ್ಲಿ ತುರುಕಿದ್ದಾಯಿತು. ಮಿಸೆಸ್ ವಾಸ್ಕೊ ಕೂರಲಿಲ್ಲ. ಕಿಟಕಿಗೆ ಹೋದರು, ಕಾಫಿ ಪಾತ್ರೆಗೆ ಹೋದರು, ಸಂಸದರ ತಟ್ಟೆ ಇಣುಕಿ ನೋಡಿ ಬಂದರು. ಹಾಳೆಯ ಮೇಲಿನ ಮೊದಲ ಗೀಟು ಆಕೆಯದೇ: ಡಿಪೋದ ಓವರ್‌ಟೈಮ್. ಎಂದರೆ ಮಾರ್ಸಿಯ ಓವರ್‌ಟೈಮ್.

"ಮಗಳಿಗೆ ಹೇಳಿದೀರಾ?" ಎಂದ ರೋಮನ್.

"ಹೇಳ್ದೆ. ಎರಡು ದಿನ ಮಾತಾಡ್ಲಿಲ್ಲ. ನಿಂದು ಹೇಳು."

ರೋಮನ್ ಡಿಪೋದಿಂದ ನಿವೃತ್ತನಾದವನು. ತನ್ನ ಪಿಂಚಣಿ ಬಿಟ್ಟು ಉಳಿದದ್ದನ್ನೆಲ್ಲ ನೋಡಿ, "ಟೈರ್ ವ್ಯಾಪಾರಿಗಳ ತೆರಿಗೆ ಏರಿಸಿದ್ರೆ ದೇಶ ಉದ್ಧಾರ ಆಗತ್ತೆ" ಎಂದ.

"ಮಧ್ಯಾಹ್ನ ಎರಡಕ್ಕೇ ಮನೆಗೆ ಹೋಗ್ತಿದ್ದೋರ ಪಿಂಚಣಿ ನಿಲ್ಲಿಸಿದ್ರೆ ಇನ್ನೂ ಬೇಗ ಆಗತ್ತೆ ಕಣೋ" ಎಂದೆ.

"ಗ್ಲೆನ್," ಎಂದರು ಆಕೆ ಬೆನ್ನ ಹಿಂದಿನಿಂದ, "ನಿಂದು ಮೊದಲು."

"ಗ್ರಂಥಾಲಯದ ಅನುದಾನ?"

"ನೀನು ಗ್ರಂಥಾಲಯದ ಬಾಗಿಲು ಯಾವತ್ತಾದ್ರೂ ನೋಡಿದೀಯೇನೋ? ನಿಂದು ಅಂದೆ."

ಹತ್ತೂವರೆಗೆ ನಾನು ಡಿಪೋದ ಗಾಡಿ ಖರ್ಚಿನಲ್ಲಿ, ಎಂದರೆ ನನ್ನ ಟೈರಿನಲ್ಲಿ, ನೂರಕ್ಕೆ ಹತ್ತು ಕಡಿಮೆ ಎಂದು ಬಾಯಿಬಿಟ್ಟೆ. ನಾಲಿಗೆಯೇ ಕಿತ್ತು ಬಂದಂತಾಯಿತು. ಹನ್ನೊಂದಕ್ಕೆ ರೋಮನ್ ಪಿಂಚಣಿಯ ಏರಿಕೆ ಎರಡು ವರ್ಷ ಬೇಡ ಎಂದ. ಉಳಿದದ್ದು ಅಷ್ಟು ಕಷ್ಟವಾಗಲಿಲ್ಲ. ಕಿಸೆ ಒಮ್ಮೆ ಹರಿದ ಮೇಲೆ ಮಾತು ಸಲೀಸಾಗುತ್ತದೆ. ಹನ್ನೊಂದು ನಲವತ್ತಕ್ಕೆ ಲೆಕ್ಕ ಸೇರಿತು. ಸಂಸದರ ಚಾಲಕ ಕಾರನ್ನು ಬಾಗಿಲಿಗೆ ತಂದ. ಮಿಸೆಸ್ ವಾಸ್ಕೊ ಕಾಲು ಬದಲಿಸುತ್ತಾ ನಿಂತಿದ್ದರು.

"ನೀನು ಹಾಕು" ಎಂದೆ ರೋಮನ್‌ಗೆ.

"ನಿನ್ ಕೈಗೇನಾಗಿದೆ?"

"ಸೀಟಿಗೆ ಮೊದಲು ಬಂದೋನು ನೀನಲ್ವಾ?"

ರೋಮನ್ ನನ್ನನ್ನೊಮ್ಮೆ ನೋಡಿದ. ಪೆನ್ನು ತೆಗೆದು ಸಹಿ ಹಾಕಿಬಿಟ್ಟ. ಅವನು ಹಾಕುತ್ತಾನೆಂದು ನಾನು ಎಣಿಸಿರಲಿಲ್ಲ.

ಅಲ್ಲಿ ನನ್ನ ಕಸುಬು ನನ್ನ ಕೈ ಹಿಡಿದು ಎಳೆಯಿತು. ಎದುರಿನವನು ಒಪ್ಪಿ ಪೆನ್ನು ಮುಚ್ಚಿದ ಕ್ಷಣದಲ್ಲಿ ಇನ್ನೊಂದು ಡಾಲರ್ ಎಳೆಯಬಹುದು. ಆಗ ಅವನ ಮನಸ್ಸು ಮನೆಯ ದಾರಿ ಹಿಡಿದಿರುತ್ತದೆ. ಮೂವತ್ತಾರು ವರ್ಷದಲ್ಲಿ ಎಷ್ಟು ಸಲ ಎಳೆದಿದ್ದೇನೋ.

"ಒಂದ್ ಸಣ್ಣ ವಿಷಯ," ಎಂದೆ. "ಗಾಡಿ ಖರ್ಚು ಹತ್ತು ಬೇಡ, ಐದು ಮಾಡೋಣ. ಐದರಲ್ಲಿ ದೇಶ ಮುಳುಗಲ್ಲ."

ರೋಮನ್ ಕೂಗಾಡಲಿಲ್ಲ. "ನಾಲ್ಕನೇ ಕ್ಲಾಸಲ್ಲಿ ನನ್ ಸ್ಯಾಂಡ್‌ವಿಚ್ ಅರ್ಧ ತಿಂದು, ಉಳಿದರ್ಧಕ್ಕೆ ಕಾಸು ಕೇಳಿದೋನು ನೀನು" ಎಂದ. ಪೆನ್ನಿನ ಮುಚ್ಚಳ ತೆಗೆದು ತನ್ನ ಹೆಸರಿನ ಮೇಲೆ ಗೀಟೆಳೆದು ಎದ್ದ.

"ಕೂತ್ಕೊಳೋ! ಹತ್ತೇ ಇರ್ಲಿ, ಹತ್ತೇ!"

"ಈಗ ಹತ್ತು ಅಂತೀಯ. ಆಚೆ ಹೋಗಿ ಎಷ್ಟು ಅಂತೀಯೋ ಯಾರಿಗ್ಗೊತ್ತು?"

ಮಿಸೆಸ್ ವಾಸ್ಕೊ ಅವನ ತೋಳು ಹಿಡಿದರು. "ರೋಮನ್, ನನಗೋಸ್ಕರ. ಹೊಸ ಹಾಳೆ ತರ್ತೀನಿ, ಐದೇ ನಿಮಿಷ." ಜೀವನದಲ್ಲಿ ಆಕೆ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಆಗ ಒಮ್ಮೆಯೇ. ಅವನು ತಲೆ ತಗ್ಗಿಸಿ, "ನಿಮಗಾದ್ರೆ ನಾಳೆನೇ ಹಾಕ್ತೀನಿ, ಮಿಸೆಸ್ ವಾಸ್ಕೊ. ಇವನ ಪಕ್ಕ ಹಾಕಲ್ಲ" ಎಂದು ಹೋದ. ಆಕೆ ಪಾರ್ಕಿಂಗ್ ಜಾಗದವರೆಗೂ ಅವನ ಹಿಂದೆ ನಡೆದರು. ವಾಪಸು ಬರುವ ಹೊತ್ತಿಗೆ ಸಂಸದರು ಎಲ್ಲರ ಕೈ ಕುಲುಕಿ ಕಾರು ಹತ್ತಿದ್ದರು. ಗೀಟು ಬಿದ್ದ ಹಾಳೆಯನ್ನು ಅವರಿಗೆ ತೋರಿಸಲು ಆಕೆ ಹೋಗಲಿಲ್ಲ.

ನನ್ನನ್ನು ಬೈಯುತ್ತಾರೆಂದು ಕಾದೆ. "ಸೀಟು ಜರುಗಿಸೋಕೆ ಕೈ ಹಾಕು" ಎಂದರು, ಅಷ್ಟೇ.

ಸಂಸದರು ಒಪ್ಪಂದಕ್ಕೆ ಸೇರಲಿಲ್ಲ. ಅಕ್ಟೋಬರ್ ಒಂದಕ್ಕೆ ಬೀಗ ಬಿತ್ತು, ನಲವತ್ತು ದಿನ ತೆಗೆಯಲಿಲ್ಲ. ಡಿಪೋಗೆಂದು ತರಿಸಿದ ನೂರನಲವತ್ತು ಟೈರು ನನ್ನ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಕೂತವು. ನೂರಕ್ಕೆ ಐದು ಉಳಿಸಹೋದವನಿಗೆ ನೂರಕ್ಕೆ ನೂರೂ ನಿಂತಿತು. ಬಾಕಿ ಸಂಬಳ ಕೊನೆಗೆ ಬಂತು, ಆದರೆ ಮಾರ್ಸಿ ಅಷ್ಟರಲ್ಲಿ ಮನೆಯನ್ನು ಸಿಕ್ಕ ಬೆಲೆಗೆ ಬಿಟ್ಟುಕೊಟ್ಟು, ಎರಡು ಮಕ್ಕಳು ಒಂದು ನಾಯಿಯ ಸಮೇತ ತಾಯಿಯ ಮನೆಗೆ ಬಂದಿದ್ದಳು. ಈಗಲೂ ಅಲ್ಲೇ ಇದ್ದಾಳೆ. ಬೀದಿಯಲ್ಲಿ ಸಿಕ್ಕರೆ ನನಗೆ ನಮಸ್ಕಾರ ಹೇಳುತ್ತಾಳೆ, ಅದೇ ಕಷ್ಟ.

ನಮ್ಮೊಬ್ಬ ಸಂಸದನ ಸಹಿಯಿಂದ ವಾಷಿಂಗ್ಟನ್ ತಿರುಗುತ್ತಿತ್ತೇ? ತಿರುಗುತ್ತಿರಲಿಲ್ಲ ಎಂದು ನನಗೆ ನಾನೇ ಎರಡು ವರ್ಷ ಹೇಳಿಕೊಂಡೆ. ಒಪ್ಪಂದಕ್ಕೆ ಎಷ್ಟು ಸಹಿ ಕಡಿಮೆ ಬಿದ್ದವೆಂದು ಪತ್ರಿಕೆಯಲ್ಲಿ ಬಂದಿತ್ತು. ಆ ಪುಟವನ್ನು ಓದದೆ ಮಡಚಿಟ್ಟೆ.

ಮಿಸೆಸ್ ವಾಸ್ಕೊ ಈಗ ನಾಲ್ಕು ಊರುಗಳಲ್ಲಿ ಸೀಟು ಹಾಕುತ್ತಾರೆ. ಆ ಓಡಾಟದ ಗಾಡಿಗೆ ನನ್ನಲ್ಲಿ ಹಾಕಿಸುವ ಟೈರಿಗೆ ದುಡ್ಡು ಬೇಡವೆಂದರೆ ಕೇಳುವುದಿಲ್ಲ, ಚೌಕಾಶಿಯನ್ನೂ ಮಾಡದೆ ಪೂರ್ತಿ ಎಣಿಸಿ ಹೋಗುತ್ತಾರೆ. ಹಾಗಾಗಿ ಇಲ್ಲಿ ಬರೆದಿಡುತ್ತೇನೆ: ಡೊಲೋರೆಸ್ ವಾಸ್ಕೊ ಅವರಿಗೆ ನಾನು ಒಂದು ಸಹಿ ಕೊಡುವುದಿದೆ, ಅವರ ಮಗಳಿಗೆ ಒಂದು ಮನೆ. ಎರಡನ್ನೂ ಇನ್ನೂ ಕೊಟ್ಟಿಲ್ಲ.