ಹಣೆ ಮುಟ್ಟಿ ನೋಡುತ್ತಿದ್ದ ಕಾಕಾ

ಜ್ವರ ಎಂದು ರಜೆ ಕೇಳಿದವರ ಹಣೆ ಮುಟ್ಟಿ ನೋಡಬೇಕೆಂದು ಯಾವ ಸರ್ಕಾರಿ ನಿಯಮದಲ್ಲೂ ಇಲ್ಲ. ನಮ್ಮ ಹುಕ್ಕೇರಿಯ ಕಚೇರಿಯಲ್ಲಿ ರಜೆ ರಿಜಿಸ್ಟರು ನೋಡಿಕೊಳ್ಳುತ್ತಿದ್ದ ಗುರುಸಿದ್ದಪ್ಪ ಕಾಕಾ ಮಾತ್ರ ಮುಟ್ಟಿಯೇ ನೋಡುತ್ತಿದ್ದರು. ಅಂಗೈ ಹಚ್ಚಿ, ಕಣ್ಣು ಮುಚ್ಚಿ, ದೊಡ್ಡ ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕುವರು. ಅವರ ಕೈಯ ವಿಭೂತಿ ನಮ್ಮ ಹಣೆಗೆ ಹತ್ತುತ್ತಿತ್ತು. ಯಾರು ರಜೆ ಕೇಳಿ ಬಂದರೆಂದು ಅದರಿಂದಲೇ ಇಡೀ ಕಚೇರಿಗೆ ತಿಳಿಯುತ್ತಿತ್ತು.

ಸಂಜೆ ಕಚೇರಿ ಬಿಟ್ಟೊಡನೆ ಅವರ ಮೊಬೈಲು ಊಟದ ಡಬ್ಬಿಯೊಳಗೆ ಹೋಗುತ್ತಿತ್ತು. ಗೋಕಾಕದ ಬಸ್ಸಿನಲ್ಲಿ ನಾವಿಬ್ಬರೂ ಕೂಡಿ ಊರಿಗೆ ಮರಳುವಾಗ ಸಾಹೇಬರ ಫೋನು ಬಂದರೆ ಡಬ್ಬಿ ಗಡಗಡ ನಡುಗುವುದು, ಜನ ತಿರುಗಿ ನೋಡುವರು. ಕಾಕಾ ಶೇಂಗಾ ಸುಲಿಯುತ್ತ, "ಒಳಗ ರೊಟ್ಟಿ ಜಗಳಾಡಾಕತ್ತಾವ, ಬಿಡ್ರಿ" ಎನ್ನುವರು. ಈ ಮನುಷ್ಯನಿಗೆ ಚಿಂತೆಯೆಂದರೇನು ಗೊತ್ತು ಎಂದು ನನಗೆ ಹೊಟ್ಟೆಕಿಚ್ಚು.

ನನಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಕೌಂಟರಿಗೆ ಹಾಕಿದ ಮೇಲೆ ಮುಂದಿನಿಂದ ಜನರ ಬೈಗುಳ, ಹಿಂದಿನಿಂದ ಸಾಹೇಬರ ಬೈಗುಳ. ಮುಂಜಾನೆ ಕಾಕಾ ನನಗಿಂತ ಮೊದಲಿನ ಬಸ್ಸಿಗೇ ಹೋಗುತ್ತಿದ್ದರು. ಒಂದು ದಿನ ನನ್ನ ಬಸ್ಸು ಹುಕ್ಕೇರಿಯಲ್ಲಿ ನಿಂತರೂ ನನಗೆ ಇಳಿಯಲು ಆಗಲಿಲ್ಲ. ಬೆವರುತ್ತ ಸಂಕೇಶ್ವರದ ತನಕ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತು, ಮನೆಗೆ ಮರಳಿದೆ. ಆ ತಿಂಗಳು ಮೂರು ಸಲ ಹೀಗಾಯಿತು. ಮೂರು ಸಲವೂ ಅರ್ಜಿಯಲ್ಲಿ 'ಜ್ವರ' ಎಂದು ಬರೆದೆ. ರಾಜೀನಾಮೆ ಪತ್ರವೂ ಜೇಬಿನಲ್ಲಿ ತಯಾರಿತ್ತು.

ಮೂರನೆಯ ಅರ್ಜಿ ಓದಿ ಕಾಕಾ ಹಣೆ ಮುಟ್ಟಿದರು. ಈ ಸಲ ಕೈ ಬೇಗ ತೆಗೆಯಲಿಲ್ಲ.

"ತಮ್ಮಾ, ಹಣಿ ಕೊಡದಾನ ನೀರಿನಂಗ ತಣ್ಣಗೈತಿ. ಖರೆ ಏನಾಗೈತಿ ಹೇಳು."

ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ಎದ್ದು, ಕಪಾಟಿನಿಂದ ತಮ್ಮದೇ ಹಳೆಯ ಅರ್ಜಿಯೊಂದನ್ನು ತೆಗೆದು ತೋರಿಸಿದರು. 'ಮನಸ್ಸಿಗೆ ಆರಾಮಿಲ್ಲದ ಕಾರಣ ಹನ್ನೆರಡು ದಿನ ರಜೆ' ಎಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯ ದೊಡ್ಡ ಪ್ರಶ್ನೆ ಚಿಹ್ನೆ.

"ಆಗಿನ ಸಾಹೇಬ್ರು ಹಾಕಿದ್ದು. ನಾ ಅವರಿಗೆ ಉತ್ತರಾ ಕೊಡಾಕ ಹೋಗಲಿಲ್ಲ, ಡಾಕ್ಟರ್ ಕಡೆ ಹೋದೆ. ಈಗೂ ಗುಳಿಗಿ ತಗೋತೇನಿ. ಬಿ.ಪಿ. ಗುಳಿಗಿ ಎಲ್ಲಾರ ಮುಂದ ನುಂಗತಾರ, ಇದಕ್ಯಾಕ ನಾಚಿಕಿ?"

ನನ್ನ ಅರ್ಜಿಯಲ್ಲಿ ಜ್ವರ ಹೊಡೆದುಹಾಕಿಸಿ, ಖರೆ ಕಾರಣ ಬರೆಸಿದರು. ಮರುದಿನ ತಾವೂ ರಜೆ ಹಾಕಿ ಗೋಕಾಕದ ಡಾಕ್ಟರರ ಬಳಿ ಕರೆದೊಯ್ದರು. ದವಾಖಾನೆಯ ಕಟ್ಟೆಯ ಮೇಲೆ ಪಾಳಿಗೆ ಕಾಯುತ್ತ ಶೇಂಗಾ ತಿಂದು, ಸಿಪ್ಪೆಯನ್ನೆಲ್ಲ ನನ್ನ ರಾಜೀನಾಮೆಯಲ್ಲಿ ಸುತ್ತಿ ಎಸೆದರು. ಗುಣವಾಗಲು ಎಂಟು ತಿಂಗಳು ಹಿಡಿಯಿತು. ನೌಕರಿ ಉಳಿಯಿತು, ನಾನೂ ಉಳಿದೆ.

ನಿವೃತ್ತಿಯಾದ ಮೇಲೆ ಕಾಕಾ ಮೂಡಲಗಿಯ ಮಗಳ ಮನೆ ಸೇರಿದರು. ಹೋದ ವರ್ಷ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಹಣೆ ಮುಟ್ಟಿದೆ, ಸುಡುತ್ತಿತ್ತು.

"ಖರೇನ ಜ್ವರ ಐತ್ರಿ ಕಾಕಾ."

"ಹಂಗಾರ ರಜಾ ಮಂಜೂರ್ ಮಾಡು," ಎಂದು ನಕ್ಕರು.

ಆ ಜ್ವರದಿಂದ ಕಾಕಾ ಏಳಲಿಲ್ಲ. ಅವರ ಮಣ್ಣಿಗೆ ಹೋಗಿ ಬಂದು ಎರಡು ದಿನದ ರಜೆಗೆ ಅರ್ಜಿ ಕೊಟ್ಟೆ. ಕಾರಣ, ಮನಸ್ಸಿಗೆ ಆರಾಮಿಲ್ಲ. ಅವರ ಕುರ್ಚಿಗೆ ಬಂದ ಹೊಸ ಕ್ಲಾರ್ಕ್ ಪ್ರಶ್ನೆ ಚಿಹ್ನೆ ಹಾಕಲಿಲ್ಲ, ಓದಿ ಸುಮ್ಮನೆ ರಿಜಿಸ್ಟರಿಗೆ ಏರಿಸಿದಳು. ನಾನು ಮಾತ್ರ ಹಣೆ ಮುಂದೆ ಮಾಡಿಕೊಂಡು ಒಂದು ಗಳಿಗೆ ಅಲ್ಲಿಯೇ ನಿಂತಿದ್ದೆ.