ಖಾನಾಪುರ ಸಾಲೆಯ ‘ಲ’

ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ. ಅದರ ಎಡಜೇಬಿನಲ್ಲಿ ಸುಣ್ಣದ ಡಬ್ಬಿ, ಬಲಜೇಬಿನಲ್ಲಿ ಯೂನಿಯನ್ನಿನ ಸದಸ್ಯತ್ವದ ಫಾರ್ಮುಗಳು. ಫಾರ್ಮುಗಳಿಗೂ ತಂಬಾಕಿನ ವಾಸನೆ. ಖಾನಾಪುರದ ನಮ್ಮ ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ಹೊತ್ತ ಅವರನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಅಲ್ಲಿಯ ಆಫೀಸಿನ ಕಾರಕೂನ. ಕೂರಲು ಕುರ್ಚಿ ಇದೆ ಎಂಬ ಜಂಬ ನನಗೆ. “ಏನ್ರಿ ಕಾರಕೂನರ, ಕುರ್ಚಿ ಬೆಚ್ಚಗ ಐತೇನ್ರಿ?” ಎಂದು ಮಾವಶಿ ಕಿಚಾಯಿಸುತ್ತಿದ್ದರು.

ಜಾರ್ಖಂಡದಿಂದ ಹನ್ನೊಂದು ಮಂದಿ ಹಂಚು ಸುಡುವ ಭಟ್ಟಿ ಕೆಲಸಕ್ಕೆ ಬಂದಾಗ ಮಾವಶಿ ಅವರಿಂದಲೂ ಫಾರ್ಮು ತುಂಬಿಸಿದರು. ಹೊರಗಿನವರು ಯಾಕೆ ಎಂದು ನಮ್ಮವರೇ ಗೊಣಗಿದರು. “ನಮ್ಮ ಬಾಜು ನಿಂತು ಅದ ಭಟ್ಟಿ ಝಳಾ ತಿನ್ನಾವ ಹೊರಗಿನಾವ ಹೆಂಗ ಅಕ್ಕಾನೋ?” ಎಂದು ಅವರ ಬಾಯಿ ಮುಚ್ಚಿಸಿದರು.

ಮ್ಯಾನೇಜರಿಗೆ ಇದು ಸೇರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಹಾಕಿಸಿ, ‘ನಮಗೆ ಯೂನಿಯನ್ ಬೇಡ, ಮೋಸದಿಂದ ಸೇರಿಸಿಕೊಂಡರು’ ಎಂಬ ಕಾಗದವನ್ನು ನನ್ನಿಂದ ಬರೆಸಿದರು. ಹನ್ನೊಂದು ಮಂದಿಯ ಸಹಿಯನ್ನೂ ನನ್ನ ಕೈಯಿಂದಲೇ ಹಾಕಿಸಿದರು. ನಾನು ಮರಾಠಿ ಸಾಲೆಯಲ್ಲಿ ಓದಿದವನು. ಹಿಂದಿಗೂ ಅದೇ ಲಿಪಿಯಲ್ಲವೇ ಎಂದು ಮ್ಯಾನೇಜರ ಧೈರ್ಯ. ಕೆಲಸ ಹೋದೀತೆಂದು ಹೆದರಿ ಹಾಕಿದೆ.

ಬೆಳಗಾವಿಯ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಆ ಕಾಗದ ನಿಜವೆಂದಾದರೆ ಹನ್ನೊಂದೂ ಮಂದಿ ಯೂನಿಯನ್ನಿನಿಂದ ಹೊರಗೆ, ಆಮೇಲೆ ಕೆಲಸದಿಂದಲೂ ಹೊರಗೆ. ಅವರಲ್ಲಿ ಲಖನ್ ಎಂಬಾತ ಸಹಿ ತನ್ನದಲ್ಲ ಎಂದ. “ಯೂನಿಯನ್ನಿನವರು ಕಲಿಸಿ ಕರಕೊಂಡು ಬಂದಾರ್ರಿ,” ಎಂದರು ಮ್ಯಾನೇಜರು. ಅಧಿಕಾರಿ ಕಾಗದವನ್ನು ಮೇಜಿನ ನಡುವೆ ಇಟ್ಟರು. ಮ್ಯಾನೇಜರ ಪಕ್ಕದಲ್ಲೇ ನಾನು ಕುಳಿತಿದ್ದೆ.

ಮಾವಶಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಲಖನ್‌ನ ಸಹಿ ನೋಡಿದರು. ಮರಾಠಿ ಸಾಲೆಯ ನಾಲ್ಕನೆಯ ಇಯತ್ತೆಯಷ್ಟೇ ಅವರ ಓದು. “ಸಾಹೇಬ್ರ, ಲಿಪಿ ಒಂದಾದ್ರೂ ಹಿಂದಿ ಮಂದಿ ‘ಲ’ ಬ್ಯಾರೆ ಬರೀತಾರ್ರಿ. ಇದು ನಮ್ಮ ಖಾನಾಪುರ ಸಾಲ್ಯಾಗಿನ ‘ಲ’.”

ಲಖನ್ ತನ್ನ ಹೆಸರು ಬರೆದು ತೋರಿಸಿದ. ‘ಲ’ ಬೇರೆಯೇ ಇತ್ತು. “ಬೇಕಂತ ಬ್ಯಾರೆ ಬರದಾನ್ರಿ,” ಎಂದರು ಮ್ಯಾನೇಜರು.

ಮಾವಶಿ ನನ್ನ ಕಡೆ ತಿರುಗಿ ಪೆನ್ನು ಕೊಟ್ಟರು. “ಕಾರಕೂನರ, ಒಂದು ‘ಲ’ ಬರೀರಿ.”

ಹಿಂದಿಯ ‘ಲ’ ನನಗೆ ಬರುತ್ತಿತ್ತು. ಅದನ್ನು ಬರೆದರೆ ನಾನು ಪಾರು. ಮೇಜಿನಡಿ ಮ್ಯಾನೇಜರ ಬೂಟು ನನ್ನ ಕಾಲನ್ನು ಒತ್ತಿತು. ಸಾಲೆಯಲ್ಲಿ ಕಲಿತ ‘ಲ’ವನ್ನೇ ಬರೆದು, “ಹನ್ನೊಂದೂ ಸಹಿ ನಾನ ಹಾಕಿದ್ದರಿ,” ಎಂದೆ.

ಹನ್ನೊಂದು ಮಂದಿಯ ಸದಸ್ಯತ್ವ ಉಳಿಯಿತು. ನನ್ನ ಕೆಲಸ ಅಂದೇ ಹೋಯಿತು. ಖಾನಾಪುರದ ಬಸ್ಸಿನಲ್ಲಿ ಮಾವಶಿ ಪಕ್ಕಕ್ಕೆ ಬಂದು ಕುಳಿತರು.

“ಹಿಂದಿ ‘ಲ’ ಬರತಿದ್ದಿಲ್ಲೇನು ನಿನಗ?”

“ಬರತಿತ್ತು, ಮಾವಶಿ.”

ಮಾವಶಿ ಸುಣ್ಣದ ಡಬ್ಬಿ ತೆಗೆದು ತಂಬಾಕು ತಿಕ್ಕಿದರು. “ನಾಳಿಂದ ಯೂನಿಯನ್ ಕಾಗದಾ ನೀನ ಬರಿ,” ಎಂದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ನನ್ನ ಮರಾಠಿ ಅಕ್ಷರ ನೋಡಿದವರು ಅವರು. ಕಾಗದ ಹಿಡಿದ ಕೂಡಲೇ ಕಳ್ಳ ಯಾರೆಂದು ಗೊತ್ತಾಗಿತ್ತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದರು. ಸಿಕ್ಕಿಬಿದ್ದವನಾಗಿ ಅಲ್ಲ, ಒಪ್ಪಿಕೊಂಡವನಾಗಿ ಇಂದು ನನ್ನ ಮಕ್ಕಳ ಮುಂದೆ ಕುಳಿತಿದ್ದೇನೆ.