ಕಚ್ಚದ ಇಲಿ

ನನ್ನ ಅಕ್ಕನ ಗಂಡನನ್ನು ಬಂಧುಬಳಗದಲ್ಲೆಲ್ಲ ಇಲಿ ಭಾವ ಎಂದೇ ಕರೆಯುತ್ತಿದ್ದೆವು. ಔಷಧ ಸಂಶೋಧನೆ ನಡೆಸುವ ಲ್ಯಾಬಿನಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಪಂಜರದ ಮರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತುಂಬಬೇಕು, ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು ತಕ್ಕಡಿಗೆ ಇಳಿಸಬೇಕು. ಎಷ್ಟು ಸೋಪು ಉಜ್ಜಿದರೂ ಮೈಯಿಂದ ಆ ಹೊಟ್ಟಿನ ವಾಸನೆ ಹೋಗುತ್ತಿರಲಿಲ್ಲ. "ಇವರ ಸಂಸಾರ ಏನಿದ್ರೂ ಇಲಿ ಜೊತೆ, ಮನೆಗೆ ಬರೋದು ಊಟಕ್ಕೆ" ಎಂದು ಅಕ್ಕ ಛೇಡಿಸುತ್ತಿದ್ದಳು. ಅವರ ಬೆರಳ ತುಂಬ ಇಲಿ ಕಚ್ಚಿದ ಗುರುತು. ಇಷ್ಟು ವರ್ಷ ಕಚ್ಚಿಸಿಕೊಂಡು ಅವರು ಒಂದೇ ಒಂದು ತೀರ್ಮಾನಕ್ಕೆ ಬಂದಿದ್ದರು: ಕಚ್ಚದೆ ಸುಮ್ಮನೆ ಕೂತ ಇಲಿ ಸುಖವಾಗಿದೆ.

ಅಕ್ಕನ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ ಮೇಲೆ ಆ ಮನೆಯಲ್ಲಿ ನಗು ನಿಂತಿತು. ಮಗ್ಗುಲು ಬದಲಿಸಿದರೆ ಚೀರುತ್ತಿದ್ದಳು. ಮಾರ್ಫಿನ್ ಮಾತ್ರೆ ಕೆಲಸ ಮಾಡಿತು, ಇಲ್ಲ ಎನ್ನಲಾರೆ. ನುಂಗಿದ ಸ್ವಲ್ಪ ಹೊತ್ತಿಗೆ ಎದ್ದು ಕೂತು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು, ನನ್ನ ಹೊಟ್ಟೆ ನೋಡಿ ಗೇಲಿ ಮಾಡುತ್ತಿದ್ದಳು. ಆದರೆ ನೋವು ಬೆಳೆಯಿತು, ಮಾತ್ರೆಯೂ ಬೆಳೆಯಿತು. ಒಂದು ದಿನ ಉಸಿರು ತೀರಾ ನಿಧಾನವಾಗಿ ತುಟಿ ನೀಲಿಗಟ್ಟಿದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಮಾರ್ಫಿನ್ ಪ್ರಮಾಣ ಇಳಿಸಿದರು. ಉಸಿರು ಉಳಿಯಿತು, ನೋವು ವಾಪಸು ಬಂತು. "ಬೇರೆ ದಾರಿ ನೋಡೋಣ, ಸ್ವಲ್ಪ ಟೈಮ್ ಕೊಡಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಟೈಮ್ ಕೊಡಬೇಕಾದವಳು ಅಕ್ಕ, ನಾವಲ್ಲ. ಅವಳ ಚೀರಾಟ ಕೇಳಲಾಗದೆ ಭಾವ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಅದೇ ದಿನಗಳಲ್ಲಿ ಅವರ ಲ್ಯಾಬಿನಲ್ಲಿ ಎರಡು ಮದ್ದುಗಳ ಪರೀಕ್ಷೆ ನಡೆಯುತ್ತಿತ್ತು. ಬಿಸಿ ತಟ್ಟೆಯ ಮೇಲೆ ಬಿಟ್ಟರೆ ಮದ್ದು ಕೊಡದ ಇಲಿ ತಟ್ಟನೆ ಕಾಲೆತ್ತಿ ನೆಕ್ಕಿಕೊಳ್ಳುತ್ತದೆ. ಎರಡರಲ್ಲಿ ಯಾವ ಮದ್ದು ಚುಚ್ಚಿದರೂ ಕಾಲೆತ್ತುವುದು ತಡವಾಗುತ್ತಿತ್ತು. ಪಂಜರಕ್ಕೆ ಬಿಟ್ಟಾಗ ಮಾತ್ರ ವ್ಯತ್ಯಾಸ. ಮಾರ್ಫಿನ್ ಜಾತಿಯ ಮದ್ದು ಪಡೆದ ಇಲಿ ಗೋಡೆಗುಂಟ ಓಡಿದ್ದೇ ಓಡಿದ್ದು. ಇನ್ನೊಂದನ್ನು ಪಡೆದದ್ದು ಮೂಲೆ ಹಿಡಿದು ಕೂರುತ್ತಿತ್ತು. ಎತ್ತಿಕೊಂಡರೂ ಕಚ್ಚುತ್ತಿರಲಿಲ್ಲ.

ಭಾವ ಲ್ಯಾಬಿನ ಮೇಡಂ ಅವರನ್ನು ವಿಚಾರಿಸಿದರು. ಆಕೆ ಕೈಕೆಲಸ ಬಿಡದೆಯೇ ಹೇಳಿದರು: "ನರಕೋಶದ ಮೇಲೆ ಈ ಮದ್ದುಗಳಿಗೆ ಬೇರೆ ಬೇರೆ ರಿಸೆಪ್ಟರ್ ಇರ್ತವೆ, ಬೀಗ ಅಂದ್ಕೊಳ್ಳಿ. ಮಾರ್ಫಿನ್ ತೆಗೆಯೋದು ಮ್ಯೂ ಅನ್ನೋ ಬೀಗ. ನೋವು ಕಮ್ಮಿ ಆಗುತ್ತೆ, ಮಿದುಳಲ್ಲಿ ಹುರುಪು ತುಂಬೋ ಡೋಪಮೈನ್ ಅನ್ನೋ ರಸ ಏರುತ್ತೆ, ಅದಕ್ಕೇ ಆ ಓಡಾಟ. ಇನ್ನೊಂದು ಮದ್ದು ತೆಗೆಯೋದು ಕಪ್ಪಾ ಅನ್ನೋ ಬೀಗ. ಅದ್ರಲ್ಲೂ ನೋವು ಕಮ್ಮಿ ಆಗುತ್ತೆ, ಆದ್ರೆ ಡೋಪಮೈನ್ ಇಳಿಯುತ್ತೆ."

"ಉಸಿರು ನಿಲ್ಲಲ್ವಾ ಮೇಡಂ?"

"ಇದ್ರಲ್ಲಿ ಆ ಭಯ ಕಮ್ಮಿ. ಆದ್ರೂ ಇದು ಮನುಷ್ಯರಿಗೆ ಕೊಡೋದಲ್ಲ."

ಕೊನೆಯ ಮಾತು ಭಾವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಡೋಪಮೈನ್ ಇಳಿದರೆ ಏನಾಗುತ್ತದೆ ಎಂದು ಅವರು ಕೇಳಲೂ ಇಲ್ಲ. ಕಪ್ಪಾ ಮದ್ದಿನ ಸೀಸೆಯೊಂದು ಅವರ ಜೇಬಿನಲ್ಲಿ ಮನೆಗೆ ಬಂತು.

ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಅಕ್ಕನ ತೋಳಿಗೆ ಚುಚ್ಚಿಯಾಗಿತ್ತು. "ಇಲಿಗೆ ಕೊಡೋದನ್ನ ಅಕ್ಕನಿಗೆ ಕೊಡ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ?" ಎಂದು ಹರಿಹಾಯ್ದೆ.

"ಬೈಯೋದು ಆಮೇಲೆ ಬೈ. ಮೊದಲು ಅವಳನ್ನ ನೋಡು. ಹೆಂಗೆ ಹಾಯಾಗಿ ಮಲಗಿದಾಳೆ" ಎಂದರು.

ಅಕ್ಕ ಚೀರುತ್ತಿರಲಿಲ್ಲ. ಹುಬ್ಬಿನ ಗಂಟು ಸಡಿಲಿತ್ತು. ಸುಳ್ಳೇಕೆ ಹೇಳಲಿ, ಆ ಸದ್ದಿಲ್ಲದ ಮನೆಯಲ್ಲಿ ನನ್ನ ಸಿಟ್ಟೂ ಜರ್ರನೆ ಇಳಿಯಿತು.

ಅಷ್ಟರಲ್ಲಿ ಅಕ್ಕನ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಮಗು ಮಂಚ ಹತ್ತಿ, "ಅಜ್ಜಿ, ಜಡೆ" ಎಂದು ಬೆನ್ನು ತಿರುಗಿಸಿ ಕೂತಿತು. ಅಕ್ಕನ ಕೈ ಏಳಲಿಲ್ಲ. ಎಷ್ಟೇ ನೋವಿದ್ದರೂ ಆ ಮಗು ಬಂದರೆ ಕೈಚಾಚುತ್ತಿದ್ದವಳು ದಿಂಬನ್ನು ನೋಡಿದ ಹಾಗೆ ಅದನ್ನು ನೋಡಿದಳು.

"ನೋವಿದೆಯೇನೇ?" ಎಂದರು ಭಾವ.

"ಎಲ್ಲೋ ದೂರದಲ್ಲಿದೆ."

"ಮಗು ಬಂದಿದೆ, ನೋಡು."

"ನೋಡ್ದೆ. ಯಾರದೋ ಮಗು ಅನ್ನಿಸ್ತಿದೆ. ನೀವೂ ಅಷ್ಟೇ, ಯಾರೋ." ಅವಳ ದನಿಯಲ್ಲಿ ದುಃಖವೂ ಇರಲಿಲ್ಲ. "ನನ್ನನ್ನ ಯಾಕೆ ಇಟ್ಕೊಂಡಿದೀರಿ? ಮುಗಿಸಿಬಿಡಿ."

ಅಷ್ಟು ನೋವಿನಲ್ಲೂ ಅವಳು ಒಂದೇ ಒಂದು ಸಲ ಸಾವನ್ನು ಕೇಳಿದವಳಲ್ಲ. ಗೋಡೆಯ ಕಡೆ ಮುಖ ಮಾಡಿದಳು. ಮಗಳು ಬಿಕ್ಕುತ್ತ ಮಗುವನ್ನೆತ್ತಿಕೊಂಡು ಗಾಡಿ ತರಲು ಓಡಿದಳು. ನಾನು ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಭಾವ ನೆಲದ ಮೇಲೆ ಕೂತರು.

"ಈ ಮದ್ದು ಚುಚ್ಚಿದ ಇಲಿಗಳು ಸಕ್ಕರೆ ನೀರು ಇಟ್ರೂ ಮುಟ್ತಿರ್ಲಿಲ್ಲ ಕಣೋ. ಹೊಟ್ಟೆ ತುಂಬಿದೆ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಮರಿ ಬಿಟ್ರೂ ತಿರುಗಿ ನೋಡ್ತಿರ್ಲಿಲ್ಲ. ಹಾಯಾಗಿವೆ ಅಂದ್ಕೊಂಡೆ."

ಆಮೇಲೆ ಅವಳ ಕೈ ಹಿಡಿದು ಅಂಗಲಾಚಿದರು. "ಏನಾದ್ರೂ ಬೈಯೇ. ಇಲಿ ವಾಸನೆ ಅನ್ನು. ಕೈ ಕೊಡವಿ ಎಳ್ಕೊ." ಅವಳು ಎಳೆದುಕೊಳ್ಳಲಿಲ್ಲ.

ಗಾಡಿ ಇನ್ನೂ ಬಂದಿರಲಿಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಅಕ್ಕನ ಕಾಲ್ಬೆರಳುಗಳು ಮಡಚಿಕೊಂಡವು. ಹುಬ್ಬು ಗಂಟಾಯಿತು. ಮಗ್ಗುಲು ಹೊರಳಲು ಹೋಗಿ, ಬೀದಿಗೆ ಕೇಳುವ ಹಾಗೆ ಚೀರಿದಳು. ಭಾವ ಅಳುತ್ತ ನಗುತ್ತ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಬಂದ್ಲು ಕಣೋ. ಬಂದ್ಲು."

ಅಕ್ಕ ಅವರ ಅಂಗಿಯ ಕಾಲರು ಹಿಡಿದು ಹತ್ತಿರಕ್ಕೆಳೆದಳು. ಈಗ ಅವರನ್ನು ಗಂಡ ಎಂದೇ ನೋಡುತ್ತಿದ್ದಳು. "ರೀ, ತಡೆಯೋಕಾಗ್ತಿಲ್ಲ. ಏನಾದ್ರೂ ಮಾಡ್ರೀ."

ಮಾಡಲು ಅವರ ಬಳಿ ಇನ್ನೇನೂ ಉಳಿದಿರಲಿಲ್ಲ.